ಅಂಗಳಕ್ಕೆ ಅಭಿವೃದ್ಧಿ ಬಂತು, ದಾರಿ ಬಿಡಿ

ಉದ್ಘಾಟನೆ ಆಗದ ತೋಟ ನಮ್ಮೂರಲ್ಲಿ ತೋಟವೇ ಅಲ್ಲ. ಗಿಡ ಇರಬಹುದು, ಹೂ ಬಿಡಬಹುದು, ಹಕ್ಕಿ ಗೂಡು ಕಟ್ಟಿರಬಹುದು. ಅದೆಲ್ಲ ಲೆಕ್ಕಕ್ಕಿಲ್ಲ. ಕಲ್ಲಿನ ಫಲಕ ಇದೆಯಾ? ರಿಬ್ಬನ್ ಕತ್ತರಿಸಿದ ಫೋಟೋ ಇದೆಯಾ? ಇಲ್ಲ ಅಂದರೆ ಫೈಲಿನಲ್ಲಿ ಅದು ಖಾಲಿ ಜಾಗ.

ಶಿವಮೊಗ್ಗದ ದುರ್ಗಿಗುಡಿ ಕಡೆ ಅಂಥದ್ದೊಂದು ಖಾಲಿ ಜಾಗ ಇತ್ತು. ಹೊರಗೆ ರಸ್ತೆಯಲ್ಲಿ ಆಟೋ, ಬೈಕು, ಹಾರ್ನು, ಬಟ್ಟೆ ಅಂಗಡಿಯವರ ಸ್ಪೀಕರ್. ಎರಡು ಅಂಗಡಿಗಳ ಮಧ್ಯೆ ಒಬ್ಬರು ನುಗ್ಗುವಷ್ಟು ಸಂದಿ. ಒಳಗೆ ಹೋದರೆ ಹಳೇ ಹೆಂಚಿನ ಮನೆಗಳ ವಠಾರ, ನಡುವೆ ಎಲ್ಲರಿಗೂ ಸೇರಿದ ಅಂಗಳ. ಒಂದು ಬಾವಿ, ಒಂದು ತುಳಸಿಕಟ್ಟೆ, ಬಚ್ಚಲ ನೀರು ಹೋಗುವ ಕಡೆ ಬಾಳೆ ಮತ್ತು ಕೆಸು, ಚಪ್ಪರಕ್ಕೆ ಬಸಳೆ, ಬಾವಿಕಟ್ಟೆಯ ತಂಪಿಗೆ ಒಂದೆಲಗ, ಗೋಡೆ ಪಕ್ಕ ಸಾಲಾಗಿ ಡೇರೆ ಹೂವಿನ ಗಿಡ, ಮೂಲೆಗೊಂದು ಸಂಪಿಗೆ, ಅದರ ಪಕ್ಕ ಪಾರಿಜಾತ. ರಸ್ತೆಯ ಗದ್ದಲ ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು.

ಈ ತೋಟಕ್ಕೆ ಖರ್ಚು ಎಷ್ಟಾಯ್ತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಡೇರೆ ಗೆಡ್ಡೆ ತೀರ್ಥಹಳ್ಳಿಯ ಅತ್ತಿಗೆ ಮನೆಯಿಂದ ಬಂದದ್ದು. ಮಲೆನಾಡಿನಲ್ಲಿ ಡೇರೆ ಗೆಡ್ಡೆ ದುಡ್ಡು ಕೊಟ್ಟು ತರುವ ವಸ್ತುವಲ್ಲ, ನೆಂಟರ ಮನೆಯಿಂದ ಬರುವಾಗ ಚೀಲದಲ್ಲಿ ಹಾಕಿಕೊಂಡು ಬರುವಂಥದ್ದು. ಬಸಳೆ ಪಕ್ಕದ ಮನೆಯವರು ಕೊಟ್ಟ ಬಳ್ಳಿ. ಕೆಸು ತಾನಾಗಿಯೇ ಬಂದದ್ದು. ಟೆಂಡರ್ ಇಲ್ಲ, ಬಿಲ್ ಇಲ್ಲ, ಕಮಿಷನ್ ಇಲ್ಲ. ಇಂಥ ತೋಟವನ್ನು ಯಾವ ಸರ್ಕಾರ ಹೇಗೆ ಸಹಿಸಿಕೊಳ್ಳಬೇಕು ನೀವೇ ಹೇಳಿ.

ಒಂದು ದಿನ ಟೇಪು ಹಿಡಿದುಕೊಂಡು ನಾಲ್ಕು ಜನ ಬಂದರು. ಯಾವ ಇಲಾಖೆ ಅಂತ ಕೇಳಬೇಡಿ, ಅವರಿಗೂ ಸರಿಯಾಗಿ ಗೊತ್ತಿದ್ದ ಹಾಗೆ ಕಾಣಲಿಲ್ಲ. ಬಾವಿಕಟ್ಟೆ ಮೇಲೆ ಕೂತು ಬಸಳೆ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಿ ನೋಡಿದರು.

"ಅಮ್ಮಾ, ಇಲ್ಲಿ ಪಾರ್ಕ್ ಮಾಡ್ತೀವಿ."

"ಯಾವ ಗಾಡಿ ಮಾರಾಯ? ಸಂದಿಯಲ್ಲಿ ಆಟೋನೂ ಬರಲ್ಲ."

"ಗಾಡಿ ಅಲ್ಲಮ್ಮ, ಉದ್ಯಾನವನ. ಗಿಡ ಹಾಕ್ತೀವಿ."

ಅಜ್ಜಿ ಸುತ್ತ ಒಂದು ಸಲ ನೋಡಿದರು. "ಗಿಡ ಹಾಕಕ್ಕೆ ಜಾಗ ಎಲ್ಲಿದೆ?"

"ಅದಕ್ಕೇ ಮೊದಲು ಇದನ್ನೆಲ್ಲ ಕ್ಲೀನ್ ಮಾಡ್ತೀವಿ."

ಉದ್ದ ಅಳೆದರು, ಅಗಲ ಅಳೆದರು, ಹೊರಟರು. ಮಣ್ಣಿನ ಕಡೆ ಒಬ್ಬರೂ ಬಗ್ಗಿ ನೋಡಲಿಲ್ಲ. ಇದೇ ಊರಿನಲ್ಲಿ ಕೆಳದಿಯ ಅರಸ ಶಿವಪ್ಪ ನಾಯಕನ ಅರಮನೆ ಇದೆ. 1645ರಿಂದ 1660ರವರೆಗೆ ಆಳಿದ ಆ ಮನುಷ್ಯ ಜಮೀನು ಅಳೆಸಿ ಕಂದಾಯ ಕಟ್ಟಿಸಿದ ರೀತಿಗೆ ಇವತ್ತಿಗೂ ಶಿವಪ್ಪ ನಾಯಕನ ಶಿಸ್ತು ಅಂತಲೇ ಹೆಸರು. ಮಣ್ಣು ಎಂಥದ್ದು, ಬೆಳೆ ಎಷ್ಟು ಬರುತ್ತೆ ಅಂತ ನೋಡಿ ಲೆಕ್ಕ ಹಾಕಿಸಿದ. ಪಾಪ, ಅವನಿಗೆ ಇಂಟರ್‌ಲಾಕ್ ಟೈಲ್ಸ್ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಮಣ್ಣಿನ ತಂಟೆಯೇ ಇರುತ್ತಿರಲಿಲ್ಲ, ಚದರಡಿಗೆ ಇಷ್ಟು ಅಂತ ಬರೆದು ಮುಗಿಸಬಹುದಿತ್ತು.

ಕೆಲಸ ಶುರುವಾಯ್ತು. ಕೆಸು ಕಳೆ, ಬಸಳೆ ಅಡ್ಡ, ಬಾಳೆ ಸೊಳ್ಳೆಗೆ ದಾರಿ, ಡೇರೆ "ಡಿಸೈನಿನಲ್ಲಿ ಇಲ್ಲ". ಎಲ್ಲ ಒಂದೇ ದಿನಕ್ಕೆ ಟ್ರಾಕ್ಟರ್ ಹತ್ತಿದವು. ಒಂದೆಲಗದ್ದು ಮಾತ್ರ ಬೇರೆಯೇ ಕಥೆ. ಅದನ್ನೂ ಬೇರು ಸಮೇತ ಕೆರೆದು ಎಸೆದರು. ಎರಡು ವಾರ ಬಿಟ್ಟು ಅದೇ ಜಾಗದಲ್ಲಿ ಹಸಿರು ಬಣ್ಣದ ಬೋರ್ಡು ನಿಂತಿತು. ಔಷಧೀಯ ಸಸ್ಯಗಳ ವಿಭಾಗ. ಕೆಳಗೆ ಒಂದೆಲಗ ಅಂತ ದೊಡ್ಡದಾಗಿ, ಅದರ ಕೆಳಗೆ ಸೆಂಟೆಲ್ಲಾ ಏಷಿಯಾಟಿಕಾ ಅಂತ ಸಣ್ಣದಾಗಿ, ಅದರ ಕೆಳಗೆ "ನೆನಪಿನ ಶಕ್ತಿ ಹೆಚ್ಚಿಸುತ್ತದೆ". ಗಿಡ ಎಲ್ಲಿ ಅಂದರೆ ನರ್ಸರಿಯಿಂದ ಬರಬೇಕು ಅಂದರು. ಇನ್ನೂ ಬಂದಿಲ್ಲ. ತರಿಸಬೇಕಾದವರಿಗೆ ಮರೆತು ಹೋಗಿರಬೇಕು. ತಂಬುಳಿ ಕುಡಿಸಿ ನೆನಪು ಮಾಡೋಣ ಅಂದರೆ ವಠಾರದಲ್ಲಿ ಈಗ ಒಂದೆಲಗ ಸಿಗಲ್ಲ.

ಮರಗಳ ವಿಷಯದಲ್ಲಿ ಇವರು ಕಾನೂನಿಗೆ ತಲೆಬಾಗುವವರು. ಕರ್ನಾಟಕದಲ್ಲಿ ಮರ ಸಂರಕ್ಷಣೆಗೆ 1976ರಲ್ಲೇ ಕಾಯ್ದೆ ಬಂದಿದೆ, ಸಂಪಿಗೆ ಕಡಿಯಬೇಕಾದರೆ ಅನುಮತಿ ಬೇಕು. ಹಾಗಾಗಿ ಕಡಿಯಲಿಲ್ಲ. ಬುಡದವರೆಗೂ ಕಾಂಕ್ರೀಟ್ ತಂದು ಬಿಗಿದರು, ಅಷ್ಟೇ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗ ಕಾಂಕ್ರೀಟ್ ಇಲ್ಲದೆ ಬಿಡಿ ಅಂತ ಹೇಳಿತ್ತು. ದೆಹಲಿಯ ಮೀಟರ್ ನಮ್ಮ ದುರ್ಗಿಗುಡಿಗೆ ಬರುವ ಹೊತ್ತಿಗೆ ಒಂದು ಗೇಣಾಗಿತ್ತು. ಮರಕ್ಕೆ ಉಸಿರು ಕಟ್ಟುತ್ತೆ ಅಂತ ಯಾರೋ ಹೇಳಿದ್ದಕ್ಕೆ, ಅದಕ್ಕೇ ಸುತ್ತ ಬಣ್ಣದ ಲೈಟು ಹಾಕ್ತಿದ್ದೀವಲ್ಲ ಸಾರ್ ಅಂದರು. ಉದ್ಯಾನ, ಆಟದ ಬಯಲು, ಖಾಲಿ ಬಯಲು ಕಾಪಾಡಲಿಕ್ಕೂ 1985ರ ಕಾಯ್ದೆ ಒಂದಿದೆ. ಆದರೆ ಉದ್ಯಾನವನ್ನು ಉದ್ಯಾನ ಮಾಡುವವರಿಂದ ಕಾಪಾಡುವುದು ಹೇಗೆ ಅಂತ ಯಾರೂ ಯೋಚನೆ ಮಾಡಿದ ಹಾಗಿಲ್ಲ.

ಇನ್ನು ನೀರು. ಮೊದಲೆಲ್ಲ ಅಂಗಳದ ಮಳೆನೀರು ಮಣ್ಣಿಗಿಳಿದು ಬಾವಿ ಸೇರುತ್ತಿತ್ತು. ಕೆಸರಾದರೆ ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಓಡಾಡುತ್ತಿದ್ದರು, ಮಳೆಗಾಲ ಮುಗಿದ ಮೇಲೆ ತೆಗೆದು ಒಲೆಗೆ ಹಾಕುತ್ತಿದ್ದರು. ಈಗ ಸುರಕ್ಷತೆಯ ದೃಷ್ಟಿಯಿಂದ ಬಾವಿಗೆ ಸ್ಲ್ಯಾಬ್ ಬಿದ್ದಿದೆ. ಮಳೆನೀರು ಇಂಟರ್‌ಲಾಕ್ ಮೇಲೆ ಜಾರಿ ಚರಂಡಿಗೆ, ಚರಂಡಿಯಿಂದ ತುಂಗೆಗೆ. ಆಮೇಲೆ ಅದೇ ತುಂಗೆಯಿಂದ ನೀರು ಮೇಲೆತ್ತಿ, ಸೋಸಿ, ಔಷಧಿ ಹಾಕಿ, ಊರೆಲ್ಲ ಸುತ್ತಿಸಿ ಪೈಪಿನಲ್ಲಿ ತಂದು ಇಲ್ಲಿಯ ಸ್ಪ್ರಿಂಕ್ಲರಿಗೆ ಬಿಡುತ್ತಾರೆ. ಅದು ಬೆಳಿಗ್ಗೆ ಏಳಕ್ಕೆ ತಾನಾಗಿ ಶುರುವಾಗುತ್ತದೆ. ಜುಲೈನಲ್ಲಿ ಗಾಜನೂರು ಡ್ಯಾಮಿನ ಗೇಟು ತೆಗೆದು, ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತು ಅಂತ ಊರೆಲ್ಲ ಸೇತುವೆ ಮೇಲೆ ನಿಂತು ನೋಡುತ್ತಿದ್ದ ದಿನವೂ ಶುರುವಾಗಿತ್ತು. ಮೇಲಿನಿಂದ ಮಳೆ, ಕೆಳಗಿನಿಂದ ಕಾರಂಜಿ. ನೋಡಿಕೊಳ್ಳುವ ಹುಡುಗ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದ. ಆಫ್ ಮಾಡೋ ಅಂದರೆ, "ಸಾರ್, ವರ್ಷಕ್ಕೆ ಇಷ್ಟು ದಿನ ನೀರು ಬಿಡಬೇಕು ಅಂತ ಕಾಂಟ್ರಾಕ್ಟ್ ಇದೆ" ಅಂದ. ಯಾವ ಗಿಡಕ್ಕೆ ಅಂತ ಕೇಳಲಿಲ್ಲ. ಇದ್ದದ್ದು ಪ್ಲಾಸ್ಟಿಕ್ ಹುಲ್ಲು.

ಟೈಲ್ಸ್ ಮೇಲೆ ಆಷಾಢದೊಳಗೆ ಪಾಚಿ ಹಿಡಿಯಿತು. ಅಭಿವೃದ್ಧಿಯಾದ ಮೇಲೆ ಅಲ್ಲಿ ತಾನಾಗಿ ಬೆಳೆದದ್ದು ಅದೊಂದೇ. ಜಾರಿ ಬೀಳುತ್ತಾರೆ ಅಂತ "ಎಚ್ಚರಿಕೆ, ನೆಲ ಜಾರುತ್ತದೆ" ಅನ್ನುವ ಇನ್ನೊಂದು ಬೋರ್ಡು ಬಂತು.

ಉದ್ಘಾಟನೆಯ ದಿನ ನೋಡಬೇಕಿತ್ತು. ಬೆಳಿಗ್ಗೆ ವ್ಯಾನಿನಲ್ಲಿ ಹೂಕುಂಡಗಳು ಬಂದವು. ಸಂದಿಯಲ್ಲಿ ಒಂದೊಂದೇ ಹೊತ್ತು ತಂದು ಸಾಲಾಗಿ ಇಟ್ಟರು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹೂವಿನ ತೋಟದ ಉದ್ಘಾಟನೆಗೆ ಹಾರ ಮಾತ್ರ ಮಾರ್ಕೆಟ್ಟಿನಿಂದ. ಭಾಷಣದಲ್ಲಿ ಪರಿಸರ ಬಂತು, ಮುಂದಿನ ಪೀಳಿಗೆ ಬಂತು, ಕಾಂಕ್ರೀಟ್ ಕಾಡಿನ ನಡುವೆ ಹಸಿರು ಬಂತು. ಸಂಜೆ ಅದೇ ವ್ಯಾನ್ ಬಂದು ಕುಂಡಗಳನ್ನು ವಾಪಸ್ ತೆಗೆದುಕೊಂಡು ಹೋಯಿತು. ಬಾಡಿಗೆಯವಂತೆ. ಉಳಿದದ್ದು ಫಲಕ. ಅದರಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅನ್ನುವುದು ಶಿಷ್ಟಾಚಾರದ ಗಲಾಟೆಯಾಗಿ, ಒಡೆದು ಮತ್ತೆ ದೊಡ್ಡದಾಗಿ ಮಾಡಿಸಿದರು. ಈಗ ಅದರ ನೆರಳಿಗೆ ತುಳಸಿಗೆ ಬಿಸಿಲು ಬೀಳುವುದಿಲ್ಲ.

ಗೇಟು, ಬೀಗ, ಕಾವಲುಗಾರ, ಸಮಯದ ಪಟ್ಟಿ ಎಲ್ಲ ಇದೆ. ಅಂಗಳ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು. ಮಧ್ಯದ ಹೊತ್ತಿನಲ್ಲಿ ವಠಾರದವರಿಗೆ ಅಂಗಳ ಇಲ್ಲ. ಹಪ್ಪಳ ಒಣಗಿಸಬೇಕಾದವರು ಸಂಜೆ ನಾಲ್ಕರ ಬಿಸಿಲಿಗೆ ಕಾಯಬೇಕು.

ಪಾರಿಜಾತದ ಜಗಳ ಇನ್ನೂ ಮುಗಿದಿಲ್ಲ. ಆ ಹೂವನ್ನು ಕೀಳುವ ರೂಢಿಯೇ ಇಲ್ಲ, ರಾತ್ರಿ ಅರಳಿ ಬೆಳಗಿನ ಜಾವಕ್ಕೆ ಉದುರುತ್ತದೆ, ನೆಲದಿಂದ ಆರಿಸಿಕೊಂಡೇ ದೇವರಿಗೆ ಏರಿಸುವುದು. ಅಜ್ಜಿ ಐದೂವರೆಗೆ ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಂತರು.

"ಅಜ್ಜಿ, ಹೂ ಕೀಳಬಾರದು ಅಂತ ಬೋರ್ಡ್ ಇದೆ."

"ನಾನೆಲ್ಲಿ ಕೀಳ್ತೀನಪ್ಪ, ಅದೇ ಬಿದ್ದಿದೆ."

"ಬಿದ್ದದ್ದೂ ಪಾರ್ಕಿಂದೇ."

"ಅದನ್ನ ಏನ್ ಮಾಡ್ತೀರಿ?"

"ಗುಡಿಸಿ ಕಸದ ಗಾಡಿಗೆ ಹಾಕ್ತೀವಿ. ಅದಕ್ಕೆ ಬೇರೆ ಕಾಂಟ್ರಾಕ್ಟ್."

ಕೃಷ್ಣ ಸ್ವರ್ಗದಿಂದ ಪಾರಿಜಾತ ತಂದು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟ, ಹೂ ಮಾತ್ರ ರುಕ್ಮಿಣಿಯ ಅಂಗಳಕ್ಕೆ ಬಿತ್ತು ಅನ್ನುವ ಕಥೆ ನಮಗೆಲ್ಲ ಗೊತ್ತು. ಆ ಕಾಲಕ್ಕೆ ಅದು ಇಬ್ಬರು ಹೆಂಡಿರ ಜಗಳವಷ್ಟೇ. ಈಗಾದರೆ ರುಕ್ಮಿಣಿಗೆ ನೋಟಿಸ್ ಬರುತ್ತಿತ್ತು, ಸತ್ಯಭಾಮೆಯ ಮರದ ಸುತ್ತ ಟೈಲ್ಸ್ ಬೀಳುತ್ತಿತ್ತು.

ಆರೇ ತಿಂಗಳು. ಸಂದಿಯ ಒಂದು ಬದಿಯ ಗೋಡೆ ಒಡೆದು ಕಾಮಗಾರಿಗೆ ಅಗಲ ಮಾಡಿದ್ದರಲ್ಲ, ಈಗ ಆ ದಾರಿಯಲ್ಲಿ ರಸ್ತೆಯ ಅಂಗಡಿಯವರ ಬೈಕುಗಳು ಒಳಗೆ ಬಂದು ಸಾಲಾಗಿ ನಿಲ್ಲುತ್ತವೆ. ಇಂಟರ್‌ಲಾಕ್ ಇದೆ, ಗೇಟಿದೆ, ಕಾವಲುಗಾರನಿದ್ದಾನೆ, ಇನ್ನೇನು ಬೇಕು? ಪಾರ್ಕ್ ಮಾಡುತ್ತೇವೆ ಅಂದವರು ಮಾತು ಉಳಿಸಿಕೊಂಡರು. ಗಾಡಿ ಯಾವುದು ಅಂತ ಮೊದಲ ದಿನವೇ ಕೇಳಿದ ಅಜ್ಜಿಯನ್ನು ಮುಂದಿನ ಯೋಜನೆಗೆ ಸಲಹೆಗಾರರನ್ನಾಗಿ ತೆಗೆದುಕೊಳ್ಳಬೇಕು.

ಇದನ್ನೆಲ್ಲ ನೋಡಿದ ಹಿಂದಿನ ಓಣಿಯವರು ಎಚ್ಚೆತ್ತುಕೊಂಡಿದ್ದಾರೆ. ಅವರ ವಠಾರದಲ್ಲೂ ಇಂಥದ್ದೇ ಅಂಗಳ ಇದೆ, ಬಾವಿ ಇದೆ, ಈ ಸಲ ಡೇರೆ ಅಂತೂ ಕೈಯಗಲ ಬಿಟ್ಟಿದೆ. ಹೊರಗಿನವರಿಗೆ ಕಾಣಬಾರದು ಅಂತ ಬಾಗಿಲಿಗೆ ಒಂದು ಕೆಟ್ಟ ಆಟೋ ನಿಲ್ಲಿಸಿ, ಮೇಲೆ ಹರಿದ ಟಾರ್ಪಲ್ ಎಳೆದಿದ್ದಾರೆ. ಅಷ್ಟು ಸಾಲಲ್ಲ ಅಂತ "ಈ ಜಾಗದ ಮೇಲೆ ನ್ಯಾಯಾಲಯದಲ್ಲಿ ದಾವೆ ಇದೆ, ಯಾರೂ ಪ್ರವೇಶಿಸಬಾರದು" ಅಂತ ಬೋರ್ಡು ಬರೆಸಲು ಪೇಂಟರ್ ಹತ್ತಿರ ಹೋದರು.

"ಎಂಥ ಕೇಸು ಅಂತ ಹಾಕಲಿ?" ಅಂದ ಪೇಂಟರ್.

"ಯಾವುದಾದರೂ ಹಾಕಪ್ಪ."

"ಹಂಗಾದ್ರೆ ಅಣ್ಣ ತಮ್ಮಂದಿರ ಪಾಲಿನ ಕೇಸು ಅಂತ ಬರೀತೀನಿ, ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತೆ. ಆದರೆ ಬೋರ್ಡ್ ಸಿಗೋದು ಮುಂದಿನ ವಾರ. ಬರೀ ಇಂಥದ್ದೇ ಆರ್ಡರ್ ಬರ್ತಾ ಇದೆ, ಎಲ್ಲ ಹಿತ್ತಲು ಇರೋರದ್ದೇ."