ತ್ಸಾರನಿಗೆ ಸಿಗದ ಆಶೀರ್ವಾದ

ನಮ್ಮ ಸಭೆಯ ಯುವಕರ ವಾಟ್ಸ್ಯಾಪ್ ಗುಂಪಿನಲ್ಲಿ ಈಚೆಗೆ ರಷ್ಯಾದ ರಾಜಕೀಯ ಚಿಂತಕ ಅಲೆಕ್ಸಾಂಡರ್ ದುಗಿನ್ ಅವರ ವಿಡಿಯೊಗಳು ಜಾಸ್ತಿ ಓಡಾಡುತ್ತಿವೆ. "ಅಣ್ಣಾ, ಪಶ್ಚಿಮ ದೇಶಗಳು ಕೆಟ್ಟುಹೋದವು, ಈಗ ಕ್ರಿಸ್ತನಿಗಾಗಿ ನಿಂತಿರೋದು ರಷ್ಯಾ ಒಂದೇ" ಎಂದು ಒಬ್ಬ ತಮ್ಮ ಬರೆದಿದ್ದ. ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದುಗಿನ್ ಮಾತಿನಲ್ಲಿ ಅರ್ಧ ನನಗೂ ಒಪ್ಪಿಗೆ. ವ್ಯಕ್ತಿಯ ಸ್ವಾತಂತ್ರ್ಯವೇ ಎಲ್ಲಕ್ಕಿಂತ ಮೇಲು ಅನ್ನುವ ಪಶ್ಚಿಮದ ಲಿಬರಲಿಸಂ ಮನುಷ್ಯನನ್ನು ಧರ್ಮದಿಂದ ಬಿಡಿಸಿತು, ಊರು ಕುಲದಿಂದ ಬಿಡಿಸಿತು, ಕೊನೆಗೆ ಅವನಿಗೆ ಅವನೊಬ್ಬನೇ ಉಳಿದ ಅನ್ನುತ್ತಾರೆ. ನಿಜ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭಾಷಣದಲ್ಲಿ ರಷ್ಯಾದ ಲೇಖಕ ಸೊಲ್ಜೆನಿತ್ಸಿನ್ ಕೂಡ ಹೇಳಿದ್ದರು, ಕಾನೂನು ಮೀರದಿದ್ದರೆ ಸಾಕು ಅಂತ ಬದುಕುವುದು ಮನುಷ್ಯನಿಗೆ ತಕ್ಕ ಬದುಕಲ್ಲ ಎಂದು. ಆದರೆ ಅವರು ಸ್ಟಾಲಿನ್ ಕಾಲದಲ್ಲಿ ಎಂಟು ವರ್ಷ ಸೆರೆ ಅನುಭವಿಸಿದವರು. ಕಾನೂನೇ ಇಲ್ಲದ ರಾಜ್ಯ ಎಷ್ಟು ಘೋರ ಅಂತಲೂ ಅದೇ ಭಾಷಣದಲ್ಲಿ ಹೇಳಿದರು. ನಮ್ಮ ಗುಂಪಿನಲ್ಲಿ ಆ ಮಾತನ್ನು ಯಾರೂ ಕಳಿಸುವುದಿಲ್ಲ.

ದುಗಿನ್ ಪ್ರಕಾರ ರಷ್ಯಾಕ್ಕೆ ರಷ್ಯಾದ್ದೇ ಸತ್ಯ. ಹಾಗಾದರೆ "ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ" ಅಂದ ಯೇಸು ಯಾವ ದೇಶದ ಸತ್ಯ? ಮನುಷ್ಯ ತನ್ನನ್ನೇ ದೇವರ ಜಾಗದಲ್ಲಿ ಕೂರಿಸಿಕೊಳ್ಳುವುದು ತಪ್ಪು ಅಂತೀವಿ. ಅಲ್ಲಿ ದೇಶವನ್ನು ತಂದು ಕೂರಿಸಿದರೆ ಸರಿಹೋಯಿತಾ? 2022ರ ಸೆಪ್ಟೆಂಬರ್ 25ರಂದು ಯುಕ್ರೇನ್ ಯುದ್ಧ ನಡೆಯುತ್ತಿದ್ದಾಗ, ರಷ್ಯಾದ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥರಾದ ಪೇಟ್ರಿಯಾರ್ಕ್ ಕಿರಿಲ್ ಅವರು, ಸೈನಿಕ ಕರ್ತವ್ಯದಲ್ಲಿ ಪ್ರಾಣ ಬಿಟ್ಟವನ ಪಾಪವೆಲ್ಲ ತೊಳೆದುಹೋಗುತ್ತದೆ ಎಂದು ಬೋಧಿಸಿದರು. ಓದಿ ಎದೆ ಭಾರವಾಯಿತು. ಪಾಪ ತೊಳೆಯುವುದು ಯೇಸುವಿನ ರಕ್ತ ಒಂದೇ ಅಂತ ಅಲ್ವಾ ನಾವು ಪ್ರತಿ ಭಾನುವಾರ ಹಾಡುವುದು?

ತಮ್ಮಾ, ರಷ್ಯಾದ ಕ್ರೈಸ್ತರಿಂದ ಕಲಿಯೋದಾದರೆ ಆಗಿನ ರಷ್ಯಾದ ಸಭೆಯ ಮುಖ್ಯಸ್ಥ, ಮೆಟ್ರೊಪಾಲಿಟನ್ ಫಿಲಿಪ್ ಅವರಿಂದ ಶುರು ಮಾಡು. 1568, ಈಸ್ಟರ್‌ಗೆ ಮುಂಚಿನ ಉಪವಾಸದ ಲೆಂಟ್ ಕಾಲದ ಒಂದು ಭಾನುವಾರ. ಮಾಸ್ಕೋದ ಕ್ರೆಮ್ಲಿನ್ ಕೋಟೆಯ ಉಸ್ಪೆನ್‌ಸ್ಕಿ ಚರ್ಚಿಗೆ ರಷ್ಯಾದ ದೊರೆ ತ್ಸಾರ್ ಇವಾನ್ ಬಂದ. ಜೊತೆಗೆ ಕಪ್ಪು ನಿಲುವಂಗಿಯ ಅವನ ಒಪ್ರಿಚ್ನಿಕಿ ಪಡೆ. ಊರೂರಲ್ಲಿ ಜನರನ್ನು ಕೊಂದು ಬಂದವರು. ತ್ಸಾರ್ ಆಶೀರ್ವಾದ ಕೇಳಿದ. ಫಿಲಿಪ್ ಕ್ರಿಸ್ತನ ಐಕಾನಿನ (ಪವಿತ್ರ ಚಿತ್ರದ) ಕಡೆ ನೋಡುತ್ತಾ ಸುಮ್ನೆ ನಿಂತರು. ಮತ್ತೆ ಕೇಳಿದ. ಆಗಲೂ ಮಾತಿಲ್ಲ. ಬೊಯಾರರು, ಅಂದರೆ ಆಸ್ಥಾನದ ಸರದಾರರು, ಒತ್ತಾಯಿಸಿದ ಮೇಲೆ ಬಾಯಿಬಿಟ್ಟು, ಹರಿಯುತ್ತಿರುವ ರಕ್ತದ ಮಾತನ್ನೇ ಎಲ್ಲರೆದುರು ತ್ಸಾರನಿಗೆ ಹೇಳಿದರು. ಪದವಿ ಹೋಯಿತು. ಮರುವರ್ಷ ಟ್ವೆರ್ ಊರಿನ ಮಠದ ಸೆರೆಯಲ್ಲಿ ಅವರನ್ನು ಉಸಿರುಗಟ್ಟಿಸಿ ಕೊಂದರು.

ಅವರ ದೇಹದ ಅವಶೇಷವನ್ನು ಆಮೇಲೆ ಉತ್ತರದ ಸೊಲೊವ್ಕಿ ದ್ವೀಪದಲ್ಲಿ ಇಟ್ಟಿದ್ದರು. 1652ರಲ್ಲಿ ಅದನ್ನು ಮಾಸ್ಕೋಗೆ ತರಲು ಅಲ್ಲಿಗೆ ಜನ ಹೋದರು. ಆಗಿನ ತ್ಸಾರ್ ಅಲೆಕ್ಸಿ ಆ ಜನರ ಕೈಯಲ್ಲಿ ಒಂದು ಪತ್ರ ಕೊಟ್ಟು ಕಳಿಸಿದ್ದ. ಇವಾನ್ ಮಾಡಿದ್ದನ್ನು ಕ್ಷಮಿಸಿ ಎಂಬ ಬೇಡಿಕೆಯ ಪತ್ರ. ಅದನ್ನು ಫಿಲಿಪ್ ಅವರ ಸಮಾಧಿಯ ಮುಂದೆ ಓದಿದರು.