ಕಾನೂನು ತೂಗುವುದು ಚೀಲವನ್ನೋ, ಧಣಿಯನ್ನೋ?

ನ್ಯೂಜೆರ್ಸಿಯಲ್ಲಿ ಕುಳಿತು ಊರಿನ ಪತ್ರಿಕೆಗಳನ್ನು ಓದುವ ನನಗೆ ಒಂದು ಬಗೆಯ ಸುದ್ದಿ ವರ್ಷಗಳಿಂದಲೂ ಒಂದೇ ಅಚ್ಚಿನಲ್ಲಿ ಕಾಣಿಸುತ್ತದೆ: ಇಷ್ಟು ಕೆ.ಜಿ. ಗಾಂಜಾ ವಶ, ಇಬ್ಬರ ಬಂಧನ, ತಲೆಮರೆಸಿಕೊಂಡಿರುವ ಪ್ರಮುಖ ಆರೋಪಿಗಾಗಿ ಶೋಧ. ಆ ಶೋಧ ಏನಾಯಿತೆಂಬ ಸುದ್ದಿಯನ್ನು ನಾನು ಓದಿದ್ದು ಬಹಳ ಅಪರೂಪ. ಇದಕ್ಕೆ ಪೊಲೀಸರನ್ನಷ್ಟೇ ದೂರುವುದು ಸರಿಯಲ್ಲ. ಕಾನೂನು ಏನನ್ನು ತೂಗುತ್ತದೆಯೋ ತನಿಖೆಯೂ ಅದರ ಬೆನ್ನು ಹತ್ತುತ್ತದೆ.

ಮಾದಕ ವಸ್ತುಗಳನ್ನು ತಡೆಯಲೆಂದಿರುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಮುಖ್ಯವಾಗಿ ತೂಗುವುದು ಸರಕನ್ನು. ಗಾಂಜಾ 20 ಕೆ.ಜಿ. ಮೀರಿದರೆ, ಹೆರಾಯಿನ್ 250 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಆಗ ಶಿಕ್ಷೆ ಕನಿಷ್ಠ 10 ವರ್ಷ, ಜಾಮೀನು ಸಿಗುವುದೂ ದುಸ್ತರ. ಹೀಗಾಗಿ ಕೂಲಿಗೆ ಚೀಲ ಹೊತ್ತು ಬಸ್ಸು ಹತ್ತಿದವನು ಸಿಕ್ಕಿಬೀಳುತ್ತಾನೆ, ಆ ಚೀಲವನ್ನು ಕಣ್ಣಿನಿಂದಲೂ ನೋಡದ ಧಣಿ ಮನೆಯಲ್ಲಿರುತ್ತಾನೆ. ಹಣ ಹೂಡಿದವನನ್ನು ಹಿಡಿಯಲು 27ಎ ಕಲಮು ಇದೆ ನಿಜ, ಆದರೆ ಅದಕ್ಕೆ ಹಣದ ಜಾಡು ಬೇಕು, ಮತ್ತು ಆ ಜಾಡು ಚೀಲದೊಳಗೆ ಇರುವುದಿಲ್ಲ.

ಅಮೆರಿಕದ ಸಂಸತ್ತು 1970ರಲ್ಲಿ ಮಾಡಿದ, ಇಲ್ಲಿ ಎಲ್ಲರೂ ‘ಕಿಂಗ್‌ಪಿನ್ ಕಾನೂನು’ (ಕಿಂಗ್‌ಪಿನ್ ಎಂದರೆ ದಂಧೆಯ ಧಣಿ) ಎಂದೇ ಕರೆಯುವ ಕಲಮು ಕೇಳುವ ಪ್ರಶ್ನೆಯೇ ಬೇರೆ. ಆರೋಪಿಯು ಮಾದಕ ವಸ್ತು ಅಪರಾಧಗಳ ಸರಣಿಯನ್ನೇ ನಡೆಸಿದನೇ, ಅದರಲ್ಲಿ ಐವರಿಗೆ ಕಡಿಮೆಯಿಲ್ಲದಷ್ಟು ಜನ ಅವನ ಹತೋಟಿಯಲ್ಲಿ ದುಡಿದರೇ, ಅದರಿಂದ ಅವನಿಗೆ ಗಣನೀಯ ಆದಾಯ ಬಂದಿತೇ ಎಂಬುದನ್ನು ಸರ್ಕಾರ ರುಜುವಾತುಪಡಿಸಬೇಕು. ರುಜುವಾತಾದರೆ ಶಿಕ್ಷೆ ಕನಿಷ್ಠ 20 ವರ್ಷ, ಗರಿಷ್ಠ ಜೀವಾವಧಿ. ಸರಣಿಯ ಪ್ರತಿಯೊಂದು ಅಪರಾಧದ ಬಗ್ಗೆಯೂ ಜ್ಯೂರಿಯವರಲ್ಲಿ ಒಮ್ಮತವಿರಬೇಕೆಂದು ಇಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. (ಅಮೆರಿಕವೂ ಗ್ರಾಂ ಲೆಕ್ಕ ಬಿಟ್ಟಿಲ್ಲ, 5 ಕೆ.ಜಿ. ಕೊಕೇನ್‌ಗೆ ಇಲ್ಲಿಯೂ ಕನಿಷ್ಠ 10 ವರ್ಷವಿದೆ, ಅದರಡಿ ಜೈಲು ಸೇರುವವರಲ್ಲಿ ಸಣ್ಣವರೇನೂ ಕಡಿಮೆಯಿಲ್ಲ.)

ನಮ್ಮಲ್ಲಿಯೂ ಇದಕ್ಕೆ ಹತ್ತಿರದ ಕಾನೂನು ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಸಂಘಟಿತ ಅಪರಾಧದ ಪಟ್ಟಿಯಲ್ಲಿ ಮಾದಕ ವಸ್ತು ಸಾಗಣೆಯನ್ನೂ ಸೇರಿಸಿದೆ. ಆದರೆ ಅದು ಅನ್ವಯಿಸಬೇಕಾದರೆ ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳು ಸಲ್ಲಿಕೆಯಾಗಿರಬೇಕು. ಅಮೆರಿಕದ ಕಾನೂನು ಇಡೀ ಸರಣಿಯನ್ನು ಒಂದೇ ವಿಚಾರಣೆಯಲ್ಲಿ ಕಟ್ಟಲು ಬಿಡುತ್ತದೆ. ನಮ್ಮದು ಹಳೆಯ ಪ್ರಕರಣಗಳನ್ನು ಕೇಳುತ್ತದೆ, ಆ ಹಳೆಯ ಪ್ರಕರಣಗಳೋ ಚೀಲ ಹೊತ್ತವನಲ್ಲಿಗೇ ನಿಂತುಹೋಗಿರುತ್ತವೆ. ಈ ಒಂದು ವಿಷಯದಲ್ಲಿ ನನಗೆ ಅಮೆರಿಕದ ರೀತಿಯೇ ಸರಿಯೆನಿಸುತ್ತದೆ.

ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಬ್ರೂಕ್ಲಿನ್ ನ್ಯಾಯಾಲಯದಲ್ಲಿ ಮೆಕ್ಸಿಕೋದ ಸಿನಲೋವಾ ಎಂಬ ಮಾದಕ ವಸ್ತು ಗುಂಪಿನ ಧಣಿ ‘ಎಲ್ ಚಾಪೊ’ ಗುಸ್ಮಾನ್‌ನ ವಿಚಾರಣೆ ತೋರಿಸಿಕೊಟ್ಟಿತು. 2018ರ ನವೆಂಬರ್‌ನಿಂದ ಸುಮಾರು ಮೂರು ತಿಂಗಳು ನಡೆದ ಅದರಲ್ಲಿ ಸರ್ಕಾರ 56 ಸಾಕ್ಷಿಗಳನ್ನು ನಿಲ್ಲಿಸಿತು. ಅವರಲ್ಲಿ 14 ಮಂದಿ ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮಾಫಿ ಸಾಕ್ಷಿಗಳು. ಗುಸ್ಮಾನ್‌ಗೆ 2019ರ ಜುಲೈನಲ್ಲಿ ಜೀವಾವಧಿಯ ಮೇಲೆ 30 ವರ್ಷ ಶಿಕ್ಷೆಯಾಯಿತು. ಅವನ ವಿರುದ್ಧ ಸಾಕ್ಷಿ ನುಡಿದ, ಅದೇ ಸಿನಲೋವಾ ಗುಂಪಿನ ದೊಡ್ಡ ಕುಳವೇ ಆಗಿದ್ದ ವಿಸೆಂಟೆ ಸಂಬಾಡನಿಗೆ ಷಿಕಾಗೋದಲ್ಲಿ ಸಿಕ್ಕಿದ್ದು 15 ವರ್ಷ. ಧಣಿಯನ್ನು ಕೆಡವಲು ಅವನ ಬಲಗೈಗಳಿಗೆ ರಿಯಾಯಿತಿ, ಹೇಳಲು ಯಾರ ಹೆಸರೂ ಗೊತ್ತಿಲ್ಲದ ಕೂಲಿಯವನಿಗೆ ಪೂರ್ತಿ ಶಿಕ್ಷೆ: ಈ ಲೆಕ್ಕವನ್ನು ಒಪ್ಪಲು ನನ್ನ ಮನಸ್ಸು ಇಂದಿಗೂ ಹಿಂಜರಿಯುತ್ತದೆ.

ವಿಸೆಂಟೆಯ ತಂದೆ ಇಸ್ಮಾಯೆಲ್ ಸಂಬಾಡ 2025ರ ಆಗಸ್ಟ್‌ನಲ್ಲಿ ಅದೇ ಬ್ರೂಕ್ಲಿನ್‌ನಲ್ಲಿ, ಅದೇ ಕಿಂಗ್‌ಪಿನ್ ಕಲಮಿನಡಿ, ವಿಚಾರಣೆಯೇ ಇಲ್ಲದೆ ತಪ್ಪೊಪ್ಪಿಕೊಂಡ. ಮೆಕ್ಸಿಕೋದ ಪೊಲೀಸರಿಗೆ, ಸೇನಾಧಿಕಾರಿಗಳಿಗೆ, ರಾಜಕಾರಣಿಗಳಿಗೆ ತನ್ನ ಗುಂಪು ಲಂಚ ಕೊಡುತ್ತಿತ್ತೆಂದು ಅಂದು ಹೇಳಿದ, ಯಾರಿಗೆಂದು ಹೇಳಲಿಲ್ಲ.