ಜೂನ್ 1ರ ಸಂತಾನ

ಬಿಹಾರದ ಮಸೌಢಿಯಲ್ಲಿ 2025ರ ಜುಲೈ ತಿಂಗಳಲ್ಲಿ ‘ಡಾಗ್ ಬಾಬು’ ಎಂಬ ಶ್ವಾನ ಮಹಾಶಯರಿಗೆ ಸರ್ಕಾರಿ ವಾಸಸ್ಥಳ ಪ್ರಮಾಣಪತ್ರ ದೊರೆತಾಗ ದೇಶವೆಲ್ಲ ನಕ್ಕಿತು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ತಂದೆ ಕುತ್ತಾ ಬಾಬು, ತಾಯಿ ಕುತಿಯಾ ದೇವಿ, ಪಕ್ಕದಲ್ಲಿ ಭಾವಚಿತ್ರ, ಅಧಿಕಾರಿಯ ಡಿಜಿಟಲ್ ಸಹಿ; ಇಷ್ಟು ಅಚ್ಚುಕಟ್ಟಾದ ವಂಶಾವಳಿ ಎಷ್ಟು ಮನುಷ್ಯರ ಬಳಿ ಇದೆ? ಆಮೇಲೆ ಅದನ್ನು ರದ್ದುಪಡಿಸಿದರು, ಅದು ಬೇರೆ ಮಾತು. ಅದೇ ಹೊತ್ತಿನಲ್ಲಿ ಅದೇ ರಾಜ್ಯದ ಮತದಾರರ ಪಟ್ಟಿಯನ್ನು ಪರಿಷ್ಕರಿಸುತ್ತಿದ್ದ ಚುನಾವಣಾ ಆಯೋಗವು, 2003ರ ಪಟ್ಟಿಯಲ್ಲಿ ಹೆಸರಿಲ್ಲದವರ ಮುಂದೆ 11 ದಾಖಲೆಗಳ ಯಾದಿಯನ್ನು ಇಟ್ಟಿತ್ತು. ಅದರಲ್ಲಿ ಖಾಯಂ ವಾಸಸ್ಥಳ ಪ್ರಮಾಣಪತ್ರವಿತ್ತು, ಆಯೋಗವೇ ಹಂಚಿದ ಮತದಾರರ ಗುರುತಿನ ಚೀಟಿ ಇರಲಿಲ್ಲ. ತನ್ನ ಕೈಬರಹವನ್ನು ತಾನೇ ನಂಬದಷ್ಟು ವಿನಯ ಬೇರೆ ಯಾವ ಸಂಸ್ಥೆಗಿದೆ? ಆಧಾರ್ ಕಾರ್ಡನ್ನು ಒಪ್ಪಿಕೊಳ್ಳಿರೆಂದು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅದೂ ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ.

ಜನನ ಪ್ರಮಾಣಪತ್ರವೊಂದಿದ್ದರೆ ಈ ತಾಪತ್ರಯವೇ ಇಲ್ಲ ಎನ್ನುತ್ತಾರೆ ಬಲ್ಲವರು. ನಿಜ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಮದುವೆ ನೋಂದಣಿಯವರೆಗೆ ಅದೊಂದೇ ಸಾಕೆಂದು ಕಾನೂನೇ ಆಗಿದೆ. ಅದಕ್ಕೂ ಮೊದಲು ಅವಸರಪಟ್ಟು ಹುಟ್ಟಿದವರು ತಮ್ಮ ದುಡುಕಿಗೆ ತಾವೇ ಹೊಣೆ.

ಕರ್ನಾಟಕದಲ್ಲಂತೂ ಒಂದು ತಲೆಮಾರಿಗೆ ತಲೆಮಾರೇ ಜೂನ್ 1ರಂದು ಭೂಮಿಗೆ ಬಂದಿದೆ. ದೊಡ್ಡ ಮಳೆ ಬಂದ ವರ್ಷ, ಊರ ಜಾತ್ರೆಯ ತೇರು ಎಳೆದ ಮಾರನೆಯ ದಿನ, ಕೋಳಿ ಕೂಗುವ ಹೊತ್ತು ಎಂದು ತಾಯಿ ನಿಖರವಾಗಿಯೇ ಹೇಳುತ್ತಿದ್ದಳು. ಮೇಷ್ಟರು ಅದನ್ನು ಕಿವಿಗೆ ಹಾಕಿಕೊಳ್ಳದೆ, ಹುಡುಗನ ಬಲಗೈ ನೆತ್ತಿಯ ಮೇಲಿಂದ ಎಡಗಿವಿಗೆ ಎಟುಕಿತೇ ಎಂದಷ್ಟೇ ನೋಡಿ, ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೊಂದುವಂತೆ 1-6 ಎಂದು ಬರೆಯುತ್ತಿದ್ದರು. ಬ್ರಹ್ಮಲಿಪಿಯನ್ನಾದರೂ ಅಳಿಸಬಹುದೇನೋ, ಹೆಡ್‌ಮಾಸ್ತರರ ಲಿಪಿಯನ್ನು ಅಳಿಸಲಾಗದು. ಹಾಗೆ ಹುಟ್ಟಿದ ಸರ್ಕಾರಿ ನೌಕರರೆಲ್ಲ ಮೇ 31ರಂದು ಒಟ್ಟೊಟ್ಟಿಗೆ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಾರೆ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಯಸ್ಸಿನ ಪುರಾವೆಯಾಗಿ ಆಧಾರ್ ಅನ್ನು ಬಿಟ್ಟು ಶಾಲಾ ಪ್ರಮಾಣಪತ್ರವನ್ನೇ ಎತ್ತಿಹಿಡಿಯಿತು. ಹೆತ್ತವಳ ನೆನಪಿಗಿಲ್ಲದ ಬೆಲೆ ಮೇಷ್ಟರ ಅಂದಾಜಿಗೆ ಇದೆ.

ಆದರೆ ಆ ಅಂದಾಜಿನ ಭಾಗ್ಯವೂ ಶಾಲೆಯ ಮೆಟ್ಟಿಲು ಹತ್ತಿದವರಿಗೆ ಮಾತ್ರ. ಹತ್ತದ ಹೆಣ್ಣುಮಗಳು ಏನು ಮಾಡಬೇಕು? ಗುಡಿಸಲಿನಲ್ಲಿ ಹುಟ್ಟಿ, ಹದಿನಾರಕ್ಕೆ ಮದುವೆಯಾಗಿ ಬೇರೆ ಊರು ಸೇರಿ, ತುಂಡು ಭೂಮಿಯೂ ಹೆಸರಿನಲ್ಲಿಲ್ಲದೆ ಬದುಕಿದವಳನ್ನು ನಿನ್ನ ಅಪ್ಪ ಯಾರೆಂಬುದಕ್ಕೆ ಕಾಗದ ತಾ ಎನ್ನುವುದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ. ಅಸ್ಸಾಮಿನಲ್ಲಿ ಹೀಗೆ ಕೇಳಿ ಕೇಳಿ, 2019ರ ಆಗಸ್ಟ್ 31ರಂದು ಪ್ರಕಟಿಸಿದ ರಾಷ್ಟ್ರೀಯ ಪೌರರ ನೋಂದಣಿಯ, ಅಂದರೆ ಎನ್‌ಆರ್‌ಸಿ ಪಟ್ಟಿಯಿಂದ 19,06,657 ಜನರನ್ನು ಹೊರಗಿಟ್ಟರು. ಜನನ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು. ಗುಡಿಸಲಿನವರೆಗೆ ಅದು ನಡೆದು ಹೋಗಲಿಲ್ಲ. ಸರ್ಕಾರ ಬರೆದುಕೊಳ್ಳದೆ ಹೋದದ್ದಕ್ಕೆ ಈಗ ಅವಳು ಸರದಿಯಲ್ಲಿ ನಿಂತಿದ್ದಾಳೆ.

ತಡವಾಗಿಯಾದರೂ ನೋಂದಾಯಿಸಿಕೊಳ್ಳಲು ದಾರಿಯಿದೆ. ವರ್ಷ ಮೀರಿದ್ದರೆ ದಂಡಾಧಿಕಾರಿಯ ಆದೇಶ ಬೇಕು. ಆ ಆದೇಶಕ್ಕೆ, ಆಕೆಯ ಜನನ ತಮ್ಮಲ್ಲಿ ದಾಖಲಾಗಿಲ್ಲವೆಂದು ಅದೇ ನೋಂದಣಿ ಕಚೇರಿಯವರು ಕೊಡುವ ಅಲಭ್ಯತಾ ಪ್ರಮಾಣಪತ್ರ ಬೇಕು. ಅದಕ್ಕೊಂದು ಅರ್ಜಿ, ಅರ್ಜಿಯ ಜೊತೆಗೆ ಶುಲ್ಕ, ಶುಲ್ಕದ ಜೊತೆಗೆ ಗುರುತಿನ ಪುರಾವೆ.